ಕುಡುಕ, ಮದ್ಯವ್ಯಸನಿ, ಮತ್ತು ನಡುವೆ ಇಲ್ಲದ ಪದ

"ಮೈ ನೇಮ್ ಈಸ್ ಇಂಥವನು, ಐ ಆಮ್ ಆನ್ ಆಲ್ಕೊಹಾಲಿಕ್." ಅಮೆರಿಕದ ಸಿನಿಮಾ ನೋಡಿದವರಿಗೆಲ್ಲ ಈ ವಾಕ್ಯ ಗೊತ್ತು. ಈಗ ಇದನ್ನ ಕನ್ನಡದಲ್ಲಿ ಹೇಳಿ ನೋಡಿ. ಕಾರಿನಲ್ಲಿ ಒಬ್ಬರೇ ಇದ್ದಾಗ, ಸ್ವಲ್ಪ ಜೋರಾಗಿ. "ನನ್ನ ಹೆಸರು ಇಂಥದ್ದು, ನಾನು ಕುಡುಕ." ಬೈಗುಳ ಆಯ್ತು. ಅದೂ ಯಾರೋ ಪಕ್ಕದ ಮನೆಯವರು ಬೈದ ಹಾಗೆ. ಸರಿ, ಬೇರೆ ಪದ ಹಾಕೋಣ: "ನಾನು ಮದ್ಯವ್ಯಸನಿ." ಇದು ಬಸ್ ಸ್ಟ್ಯಾಂಡಿನ ಗೋಡೆ ಮೇಲಿನ ಸರ್ಕಾರಿ ಬರಹ. ಈ ಪದವನ್ನ ತನ್ನ ಬಾಯಿಂದ ತನ್ನ ಬಗ್ಗೆ ಹೇಳಿಕೊಂಡ ಮನುಷ್ಯನನ್ನ ನಾನಂತೂ ಕಂಡಿಲ್ಲ. ಇಲ್ಲಿ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರುವವರಿಗೆ ಒಂದು ಸೂಚನೆ: ಮೊದಲನೆಯ ಪದ ಬೀದಿಯದು, ಎರಡನೆಯದು ಕರಪತ್ರದ್ದು. ಮನೆಯೊಳಗೆ ಕೂತು ಮೆಲ್ಲಗೆ ಹೇಳಬಹುದಾದ ಪದ ಇವೆರಡರ ನಡುವೆ ಇರಬೇಕಿತ್ತು. ಇಲ್ಲ.

ಈ ಬರಹ ಆ ಇಲ್ಲದ ಪದದ ಬಗ್ಗೆ. ಹಾಗೆಯೇ ಒಂದು ಪುಸ್ತಕದ ಬಗ್ಗೆ, ಆ ಪುಸ್ತಕದಿಂದ ಬೆಳೆದ ಒಂದು ಮಾತಿನ ಪ್ರಕಾರದ ಬಗ್ಗೆ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರೆ ಎಎ, ಇದರ ಮೀಟಿಂಗನ್ನ ನಾವು ಔಷಧದ ಹಾಗೆ ನೋಡ್ತೀವಿ: ಕೆಲಸ ಮಾಡುತ್ತಾ, ಇಲ್ವಾ? ಆ ಪ್ರಶ್ನೆಗೂ ಬರ್ತೀನಿ. ಆದರೆ ಅದು ಮೊದಲಿಗೆ ಕತೆ ಹೇಳುವ ಒಂದು ಕ್ರಮ. ಯಕ್ಷಗಾನಕ್ಕೆ, ಹರಿಕತೆಗೆ ಇರುವ ಹಾಗೆ ಅದಕ್ಕೂ ಆರಂಭ ಇದೆ, ನಿಯಮ ಇದೆ, ಮಂಗಳ ಇದೆ. ಹಾಗಾಗಿ ಅದನ್ನ ವಿಮರ್ಶೆಯ ಕಣ್ಣಿಂದಲೂ ನೋಡಬಹುದು.

ನಾನು ಇದನ್ನೆಲ್ಲ ನೋಡಿದ್ದು ಅಣ್ಣನ ಕಾರಣಕ್ಕೆ. ದೊಡ್ಡಪ್ಪನ ಮಗ. ಆಗ ನಾರ್ದರ್ನ್ ವರ್ಜೀನಿಯಾದಲ್ಲಿ ಇದ್ದ, ಆಮೇಲೆ ಕೆಲಸ ಬದಲಾಗಿ ನಾರ್ತ್ ಕೆರೊಲಿನಾದ ಷಾರ್ಲಟ್‌ಗೆ ಬಂದ. ನಾನು ಅಟ್ಲಾಂಟಾದಲ್ಲಿ ಇದ್ದೇನೆ. ಈ ಮೂರೂ ಕಡೆ ಅವನ ಜೊತೆ ‘ಓಪನ್’ ಮೀಟಿಂಗ್‌ಗಳಿಗೆ ಹೋಗಿ ಕೂತಿದ್ದೇನೆ. ಓಪನ್ ಅಂದರೆ ಕುಡಿಯದವರೂ ಹೋಗಬಹುದು. ‘ಕ್ಲೋಸ್ಡ್’ ಅಂದರೆ ಕುಡಿತ ಬಿಡಬೇಕು ಅನ್ನೋ ಆಸೆ ಇರುವವರಿಗೆ ಮಾತ್ರ. ಅಲ್ಲಿ ಬೇರೆಯವರು ಹೇಳಿದ್ದನ್ನ ನಾನು ಇಲ್ಲಿ ಬರೆಯಲ್ಲ. ಬರೀಬಾರದು ಅನ್ನೋದೇ ಆ ಕೋಣೆಯ ಕರಾರು. ಉದಾಹರಣೆ ಕೊಡಲಾಗದ ವಿಮರ್ಶೆ ಒಂದು ಥರ ಉಪ್ಪಿಲ್ಲದ ಸಾರು, ಆದರೂ ಅಚ್ಚಾದ ಪುಸ್ತಕ ಇದೆ, ಅಣ್ಣನ ಮಾತು ಅಣ್ಣನದೇ ಇದೆ. ಅವನನ್ನ ಕೇಳಿಯೇ ಬರೆದಿದ್ದೇನೆ.

ಮೀಟಿಂಗ್ ಹುಡುಕೋದು ಈಗ ಸುಲಭ. ‘ಮೀಟಿಂಗ್ ಗೈಡ್’ ಅಂತ ಎಎಯವರದೇ ಆ್ಯಪ್ ಇದೆ. ವಾಷಿಂಗ್ಟನ್ ಸುತ್ತಮುತ್ತಲಿನದ್ದಕ್ಕೆ ‘ವಾಷಿಂಗ್ಟನ್ ಏರಿಯಾ ಇಂಟರ್‌ಗ್ರೂಪ್’, ಅಟ್ಲಾಂಟಾಕ್ಕೆ ಅಲ್ಲಿನ ಸೆಂಟ್ರಲ್ ಆಫೀಸ್, ಹೀಗೆ ಊರಿಗೊಂದು ಪಟ್ಟಿ. ಬೆಳಗ್ಗೆ ಆಫೀಸಿಗೆ ಮುಂಚೆ, ಮಧ್ಯಾಹ್ನ ಊಟದ ಹೊತ್ತಿಗೆ, ರಾತ್ರಿ. ಬಹುತೇಕ ಚರ್ಚಿನ ನೆಲಮಾಳಿಗೆಗಳಲ್ಲಿ, ಕೆಲವು ಡ್ಯುಪಾಂಟ್ ಸರ್ಕಲ್ ಕ್ಲಬ್‌ನಂಥ ಇದಕ್ಕೆಂದೇ ಇರುವ ಜಾಗಗಳಲ್ಲಿ. ಫೀಸಿಲ್ಲ, ಫಾರ್ಮ್ ಇಲ್ಲ, ಬುಟ್ಟಿ ಬಂದಾಗ ಒಂದೆರಡು ಡಾಲರ್ ಹಾಕಿದರೆ ಹಾಕಬಹುದು, ಬಿಟ್ಟರೆ ಬಿಡಬಹುದು. ಹುಡುಕೋದು ಇಷ್ಟು ಸಲೀಸಾಗಿರುವಾಗ ನಮ್ಮವರು ಅಲ್ಲಿಗೆ ಯಾಕೆ ತಲುಪಲ್ಲ?

ದೇವರು ಅಡ್ಡ ಬರ್ತಾನೆ ಅಂತ ಹಲವರು ಹೇಳ್ತಾರೆ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಮತ್ತೆ ಮತ್ತೆ ಬರುತ್ತೆ, ನಿಜ. ದಕ್ಷಿಣದ ಕಡೆ ಕೆಲವು ಮೀಟಿಂಗ್ ಮುಗಿಯುವಾಗ ಎಲ್ಲರೂ ಕೈಕೈ ಹಿಡಿದು ಕ್ರೈಸ್ತರ ಪ್ರಾರ್ಥನೆ ಹೇಳ್ತಾರೆ, ಅದೂ ನಿಜ. ಆದರೆ ಇದು ಅಮೆರಿಕದ ನಾಸ್ತಿಕರ ತಕರಾರು, ನಾವು ಎರವಲು ತಗೊಂಡಿದ್ದೀವಿ. ‘ನೀವು ಅರ್ಥಮಾಡಿಕೊಂಡ ಹಾಗಿನ ದೇವರು’ ಅನ್ನೋ ಅವರ ರಾಜಿ ಸೂತ್ರ ಇಷ್ಟದೇವತೆ, ಮನೆದೇವರು ಅಂತ ಬೆಳೆದವರಿಗೆ ಹೊಸದೇ ಅಲ್ಲ. ಚರ್ಚಿನ ಸ್ಕೂಲಲ್ಲಿ ಓದಿ, ಬೆಳಗ್ಗೆ ಪ್ರೇಯರ್ ಹೇಳಿ, ಸಂಜೆ ಮನೆಗೆ ಬಂದು ದೀಪ ಹಚ್ಚಿದ ಪೀಳಿಗೆ ನಮ್ಮದು.

ನಮಗೆ ಅಡ್ಡ ಬರೋದು ದೇವರಲ್ಲ, ನಮ್ಮವರು. ಆಶ್‌ಬರ್ನ್‌ನಲ್ಲೋ ಕಮಿಂಗ್‌ನಲ್ಲೋ ಕೇರಿಯಲ್ಲೋ ಇರುವ ಕನ್ನಡದ ಸಂಸಾರಕ್ಕೆ ಒಂದೇ ದಿನಸಿ ಅಂಗಡಿ, ಒಂದೇ ದೇವಸ್ಥಾನ, ಒಂದೇ ಕನ್ನಡ ಕೂಟ, ಮಕ್ಕಳಿಗೆ ಒಂದೇ ಕನ್ನಡ ಕಲಿ ತರಗತಿ. ಒಬ್ಬರು ಕಂಡರೆ ಎಲ್ಲರಿಗೂ ಕಂಡ ಹಾಗೆ. ಅಣ್ಣ ಮನೆಗೆ ಹತ್ತಿರದ ಐದಾರು ಮೀಟಿಂಗ್ ಬಿಟ್ಟು ನದಿ ದಾಟಿ ಮೇರಿಲ್ಯಾಂಡ್ ಕಡೆಗೆ ಹೋಗ್ತಿದ್ದ. ಟ್ರಾಫಿಕ್ಕಲ್ಲಿ ಒಂದು ಗಂಟೆ. ಜೊತೆಗೆ ವೀಸಾದ ಭಯ. ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದರೆ, ಕೋರ್ಟ್ ತೀರ್ಪಿಗೂ ಮುಂಚೆ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. 2015ರಿಂದ ಇದು ಜೋರಾಗಿದೆ. ಆಮೇಲೆ ಜಾರ್ಜಿಯಾದಲ್ಲಾದರೆ 20 ಗಂಟೆಯ ಕ್ಲಾಸು, ವರ್ಜೀನಿಯಾದಲ್ಲಾದರೆ ರಾಜ್ಯದ್ದೇ ಕಾರ್ಯಕ್ರಮ. ಇವಕ್ಕೆಲ್ಲ ದಾಖಲೆ ಇರುತ್ತೆ. ಆದರೆ ಈ ಭಯ ಮೀಟಿಂಗ್‌ಗೂ ಅಂಟಿಕೊಂಡು, ‘ಹೋದರೆ ರೆಕಾರ್ಡ್ ಆಗುತ್ತೆ’ ಅನ್ನೋ ನಂಬಿಕೆ ಹಬ್ಬಿದೆ. ಎಎ ಹಾಜರಿ ಪುಸ್ತಕ ಇಡಲ್ಲ. ಕೋರ್ಟಿನಿಂದ ಬಂದವರು ತಾವೇ ತಂದ ಚೀಟಿಗೆ ಸಹಿ ಹಾಕಿಸಿಕೊಂಡು ಹೋಗ್ತಾರೆ, ಅಷ್ಟೇ.

ಇನ್ನು ಪುಸ್ತಕ. 1935ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ಡಬ್ಲ್ಯು., ಊರಿನ ಸರ್ಜನ್ ಡಾಕ್ಟರ್ ಬಾಬ್ ಇಬ್ಬರೂ ಭೇಟಿಯಾಗಿ ಎಎ ಶುರುವಾಯ್ತು. 1939ರಲ್ಲಿ ಪುಸ್ತಕ ಬಂತು. ದಪ್ಪ ಕಾಗದದಲ್ಲಿ ಅಚ್ಚಾಗಿದ್ದರಿಂದ ಅದಕ್ಕೆ ‘ಬಿಗ್ ಬುಕ್’ ಅಂತ ಅಡ್ಡಹೆಸರು. ಅದರ ಮೊದಲ 164 ಪುಟ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಹಿಂದಿನ ಸ್ವಂತ ಕತೆಗಳ ಭಾಗ ಮಾತ್ರ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತೆ. ಗದ್ಯ ಮಾರಾಟಗಾರನದು: ಆಶ್ವಾಸನೆ ಜಾಸ್ತಿ, ಅನುಮಾನಕ್ಕೆ ಜಾಗ ಕಡಿಮೆ. ಸರಳ ಇಂಗ್ಲಿಷಿನ ಆವೃತ್ತಿ 2024ರಲ್ಲಿ ಬಂದಿದೆ, ಹೊಸಬರು ಅದನ್ನೇ ಹಿಡಿಯೋದು ವಾಸಿ.

ನನಗೆ ತಡೆಯಲಾಗದ್ದು ‘ಹೆಂಡತಿಯರಿಗೆ’ ಅನ್ನೋ ಎಂಟನೆಯ ಅಧ್ಯಾಯ. ಹೆಂಡತಿಯರೇ ಮಾತಾಡುತ್ತಿರುವ ಹಾಗೆ ‘ನಾವು’ ಅಂತ ಬರೆದಿದೆ. ಬರೆದವನು ಬಿಲ್. ಅವನ ಹೆಂಡತಿ ಲೋಯಿಸ್ ತಾನು ಬರೀತೀನಿ ಅಂದರೂ ಬಿಡಲಿಲ್ಲ. ತಾಳ್ಮೆ ಇರಲಿ, ಕೋಪ ಬೇಡ, ಗಂಡನನ್ನ ಚುಚ್ಚಬೇಡಿ ಅಂತ ಗಂಡನೇ ಹೆಂಡತಿಯ ಗಂಟಲಲ್ಲಿ ಹೇಳಿಸ್ತಾನೆ. ನಮ್ಮ ಅತ್ತಿಗೆಗೆ ಇದನ್ನ ಓದೋಕೆ ಕೊಟ್ಟಾಗ ಎರಡು ಪುಟ ಓದಿ ಮುಚ್ಚಿ, "ಇದನ್ನ ನಮ್ಮತ್ತೆ ಪುಕ್ಕಟೆ ಹೇಳ್ತಾರೆ" ಅಂದರು. ಇದಕ್ಕಿಂತ ಚೆನ್ನಾಗಿ ಆ ಅಧ್ಯಾಯವನ್ನ ನಾನು ವಿಮರ್ಶೆ ಮಾಡಲಾರೆ. ಲೋಯಿಸ್ ಆಮೇಲೆ 1951ರಲ್ಲಿ ಮನೆಯವರಿಗಾಗಿ ಆಲ್-ಅನಾನ್ ಕಟ್ಟಿದಳು. ಅತ್ತಿಗೆ ಈಗ ಹೋಗೋದು ಅಲ್ಲಿಗೆ.

ಆದರೆ ಹಿಂದಿನ ಕತೆಗಳಲ್ಲಿ ಒಂದು, ವಾಷಿಂಗ್ಟನ್ನಿನದು, ನಮ್ಮಂಥವರು ಓದಲೇಬೇಕು. ‘ಜಿಮ್ಸ್ ಸ್ಟೋರಿ’, 1955ರ ಎರಡನೆಯ ಆವೃತ್ತಿಯಲ್ಲಿ ಸೇರಿದ್ದು. ವರ್ಜೀನಿಯಾದ ಸಣ್ಣ ಊರಲ್ಲಿ ಹುಟ್ಟಿದ ಕಪ್ಪು ಡಾಕ್ಟರ್ ಜಿಮ್ ಎಸ್. ಕುಡಿತಕ್ಕೆ ಸಿಕ್ಕಿ ವೃತ್ತಿ, ಸಂಸಾರ ಎರಡನ್ನೂ ಹಾಳುಮಾಡಿಕೊಂಡಿದ್ದವನು. ಆಗ ನಗರದಲ್ಲಿ ಬಿಳಿಯರ ಕೋಣೆ ಬೇರೆ. ಎಎಯ ಮೊದಮೊದಲ ಕಪ್ಪು ಗುಂಪುಗಳಲ್ಲಿ ಒಂದು 1945ರಲ್ಲಿ ವಾಷಿಂಗ್ಟನ್ನಿನಲ್ಲೇ ಶುರುವಾಯ್ತು, ಅದನ್ನ ಕಟ್ಟಿದವರಲ್ಲಿ ಜಿಮ್ ಒಬ್ಬ. ಜಾಗಕ್ಕಾಗಿ ಅಲೆದು, ವೈಎಂಸಿಎಯಲ್ಲಿ ಬಾಡಿಗೆ ಕೋಣೆ ಹಿಡಿದು, ಕೆಲವು ದಿನ ಇಬ್ಬರೇ ಕೂತು ಮೀಟಿಂಗ್ ನಡೆಸಿದರಂತೆ. ಮಾತಿನ ಧಾಟಿ ಪುಸ್ತಕದ ಮುಂಭಾಗದ ಹಾಗಲ್ಲ. ಯಾರಿಗೂ ಏನನ್ನೂ ಮಾರಲ್ಲ. ಆದದ್ದನ್ನ ಆದ ಹಾಗೆ ಹೇಳ್ತಾನೆ, ಆಗದ್ದನ್ನೂ.

ಹಾಗಾದರೆ ನಮಗೂ ನಮ್ಮದೇ ಕೋಣೆ ಬೇಕಾ? ಅದನ್ನ ಕೇಳೋ ಮೊದಲು ಆ ಕೋಣೆಯಲ್ಲಿ ಯಾವ ಕನ್ನಡ ಮಾತಾಡ್ತೀವಿ ಅಂತ ಕೇಳಬೇಕು. ಯಾಕಂದರೆ ಕನ್ನಡದಲ್ಲಿ ಕುಡಿತದ ಬಗ್ಗೆ ದನಿಗಳಿಗೆ ಬರ ಇಲ್ಲ. ಉಪದೇಶದ ದನಿ ಇದೆ. ಹೆಂಗಸರ ದನಿ ಇದೆ, ಗಟ್ಟಿಯಾಗೇ ಇದೆ: 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ತಮಾಷೆಯ ದನಿಯಂತೂ ಧಾರಾಳ. ಕುಡಿಯುವವನೇ ತನ್ನ ಬಗ್ಗೆ ನೆಟ್ಟಗೆ ಮಾತಾಡುವ ದನಿ ಎಲ್ಲಿ?

ಇದೆಯಲ್ಲ, ‘ರತ್ನನ ಪದಗಳು’ ಅಂತೀರಿ. ಖಂಡಿತ. ಜಿ.ಪಿ. ರಾಜರತ್ನಂ 1930ರ ದಶಕದಲ್ಲಿ ಹುಟ್ಟಿಸಿದ ಯೆಂಡ್ಕುಡ್ಕ ರತ್ನ ಕನ್ನಡದಲ್ಲಿ ಎಲ್ಲರೂ ಪ್ರೀತಿಸುವ ಒಬ್ಬನೇ ಕುಡುಕ. ಮೈಸೂರು ಅನಂತಸ್ವಾಮಿ ಹಾಡಿ ಅವನನ್ನ ಮನೆಮನೆಗೆ ಕರೆತಂದರು. ಅಮೆರಿಕದ ಯಾವ ರಾಜ್ಯೋತ್ಸವದಲ್ಲೂ ಯಾರಾದರೂ ಒಬ್ಬರು ಪಂಚೆ ಎತ್ತಿಕಟ್ಟಿ, ಸ್ವಲ್ಪ ತೂರಾಡಿ, ರತ್ನನ ಪದ ಹಾಡದೇ ಕಾರ್ಯಕ್ರಮ ಮುಗಿಯಲ್ಲ. ಅಷ್ಟು ಪಂಡಿತರ ಕನ್ನಡದ ನಡುವೆ ಕೂಲಿಯವನ ಆಡುಮಾತನ್ನ ಕಾವ್ಯ ಮಾಡಿದ ಆ ಧೈರ್ಯಕ್ಕೆ ನಾನೂ ಕೈಮುಗೀತೀನಿ. ಆದರೆ ರಾಜರತ್ನಂ ಸ್ವತಃ ಕುಡೀತಿರಲಿಲ್ಲ. ಇದನ್ನ ನಾವು ಹೆಮ್ಮೆಯಿಂದ ಹೇಳ್ತೀವಿ, ಮುಟ್ಟದೆಯೇ ಎಷ್ಟು ಚೆನ್ನಾಗಿ ಬರೆದರು ನೋಡಿ ಅಂತ. ನನಗೆ ಈಗ ಅದು ಬೇರೆ ಥರ ಕಾಣುತ್ತೆ. ತುಂಬ ಪ್ರಸಿದ್ಧವಾದ ಒಂದು ಪದದಲ್ಲಿ ದೇವರೇ ಬಂದು ಹೆಂಡ ಬಿಡು ಅಂದರೆ ರತ್ನ ಬಿಡೋಕೆ ಸಿದ್ಧ, ಹೆಂಡತಿಯನ್ನ ಬಿಡು ಅಂದರೂ ಸಿದ್ಧ. ಕನ್ನಡದ ಪದ ಆಡಬೇಡ ಅಂದಾಗ ಮಾತ್ರ ದೇವರಿಗೇ ತಿರುಗಿ ಬೀಳ್ತಾನೆ. ನಾವು ಅಲ್ಲಿ ಚಪ್ಪಾಳೆ ತಟ್ಟೋದು ಕನ್ನಡಕ್ಕೆ. ಆದರೆ ಆ ಪಟ್ಟಿಯಲ್ಲಿ ಅತಿ ಸುಲಭವಾಗಿ ಬಿಟ್ಟುಹೋಗೋದು ಯಾವುದು? ಹೆಂಡ. ಕುಡಿತಕ್ಕೆ ಸಿಕ್ಕಿದ ಯಾವನಾದರೂ ಬರೆದಿದ್ದರೆ ಅದು ಪಟ್ಟಿಯ ಕೊನೆಗೆ ಬರ್ತಿತ್ತು. ದೇವರೂ ಹೋಗಿ, ಹೆಂಡತಿಯೂ ಹೋಗಿ, ಕನ್ನಡವೂ ಹೋದ ಮೇಲೆ. ರತ್ನನಿಗೆ ಕುಡಿತ ಒಂದು ವೇಷ. ತುಂಬ ಒಳ್ಳೇ ವೇಷ, ಆದರೂ ವೇಷ. ಅಣ್ಣ ಎಷ್ಟೋ ವರ್ಷ ಆ ವೇಷದಲ್ಲೇ ಪಾರ್ಟಿಗಳಲ್ಲಿ ಮಿಂಚಿದ. ಗ್ಲಾಸ್ ಎಷ್ಟನೆಯದು ಅಂತ ಯಾರೂ ಎಣಿಸಲಿಲ್ಲ, ಎಲ್ಲರೂ ಹಾಡು ಕೇಳ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ ‘ನಾನು ತಪ್ಪಿತಸ್ಥ’ ಅಂತ ಮೊದಲ ಪುರುಷದಲ್ಲಿ ಒಪ್ಪಿಕೊಳ್ಳುವ ದೊಡ್ಡ ಪರಂಪರೆಯೇ ನಮ್ಮಲ್ಲಿದೆ: ವಚನಕಾರರು, ದಾಸರು. ಶರಣರಲ್ಲಿ ಹೆಂಡ ಮಾರುತ್ತಿದ್ದ ಹೆಂಡದ ಮಾರಯ್ಯನೂ ಇದ್ದಾನೆ. ಎಎ ಮೀಟಿಂಗ್ ಅಂದರೆ ಅನುಭವ ಮಂಟಪ ಅಂತ ಬರೆದುಬಿಡುವ ಆಸೆ ನನಗೂ ಬಂತು. ಬೇಡ, ಆ ಮಂಟಪವನ್ನ ಈಗಾಗಲೇ ಪಾರ್ಲಿಮೆಂಟ್ ಮಾಡಿದ್ದೇವೆ, ಸಾಕು. ವ್ಯತ್ಯಾಸ ಸರಳ: ದಾಸರು ಹೇಳಿಕೊಂಡದ್ದು ವಿಠಲನಿಗೆ, ವಚನಕಾರರು ಕೂಡಲಸಂಗನಂಥ ತಮ್ಮ ದೈವಕ್ಕೆ. ಎದುರು ಕುರ್ಚಿಯಲ್ಲಿ ಕೂತ, ಪೇಪರ್ ಕಪ್ಪಿನಲ್ಲಿ ಕೆಟ್ಟ ಕಾಫಿ ಕುಡಿಯುತ್ತಿರುವ, ಹೆಸರಿನ ಅರ್ಧ ಮಾತ್ರ ಗೊತ್ತಿರುವ ಮನುಷ್ಯನಿಗಲ್ಲ.

ಕರ್ನಾಟಕದಲ್ಲಿ ನಮ್ಮದೇ ಒಂದು ಕ್ರಮ ಬೆಳೆದಿದೆ, ಧರ್ಮಸ್ಥಳದವರ ಮದ್ಯವರ್ಜನ ಶಿಬಿರ. ಊರಿನ ಸಭಾಭವನದಲ್ಲಿ ಎಂಟು ದಿನ ವಾಸ, ಭಜನೆ, ವ್ಯಾಯಾಮ, ಡಾಕ್ಟರ ತಪಾಸಣೆ, ಮನೆಯವರ ಭೇಟಿ, ಕೊನೆಗೆ ಎಲ್ಲರೆದುರು ಸಂಕಲ್ಪ. ಆಮೇಲೆ ಬಿಟ್ಟವರದೇ ‘ನವಜೀವನ ಸಮಿತಿ’. ಪತ್ರಿಕೆಯಲ್ಲಿ ಗುಂಪು ಫೋಟೋ ಕೂಡ ಬರುತ್ತೆ. ಎಎಗೆ ಇದು ಪೂರ್ತಿ ತಲೆಕೆಳಗು. ಅಲ್ಲಿ ಊರೇ ಸಾಕ್ಷಿ, ಇಲ್ಲಿ ಸಾಕ್ಷಿಯೇ ಬೇಡ. ಅಮೆರಿಕದಲ್ಲಿ ಕೂತು ಆ ಫೋಟೋ ನೋಡಿ ಮೂಗು ಮುರಿಯೋದು ಸುಲಭ. ಆದರೆ ಹಳ್ಳಿಯಲ್ಲಿ ಯಾರು ಕುಡೀತಾರೆ ಅನ್ನೋದು ಮೊದಲೇ ಎಲ್ಲರಿಗೂ ಗೊತ್ತು. ಬಿಟ್ಟದ್ದು ಗೊತ್ತಾಗಲಿ ಅನ್ನೋದೇ ಅಲ್ಲಿ ಲೆಕ್ಕ. ನಾವಿರುವ ಸಬರ್ಬ್‌ನಲ್ಲಿ ಎರಡು ಕಾರಿನ ಗ್ಯಾರೇಜ್ ಬಾಗಿಲು ಮುಚ್ಚಿದ ಮೇಲೆ ಕುಡಿತ ಗೊತ್ತಿರೋದು ಹೆಂಡತಿಗೆ, ಮಕ್ಕಳಿಗೆ, ಬುಧವಾರ ರಿಸೈಕ್ಲಿಂಗ್ ಡಬ್ಬಿ ಎತ್ತುವವರಿಗೆ.

ಈಗ ಅಂಕಿ. ನನ್ನ ಹೊಟ್ಟೆಪಾಡು ಅದೇ ಆದ್ದರಿಂದ ಚಿಕ್ಕದಾಗಿ. ಮೀಟಿಂಗ್‌ನಲ್ಲಿ ಕತೆ ಹೇಳೋರು ಉಳಿದುಕೊಂಡವರು, ಬಿಟ್ಟುಹೋದವರ ಕತೆ ಕೇಳೋಕೆ ಸಿಗಲ್ಲ. ಹಾಗಾಗಿ ‘ನಮ್ಮಲ್ಲಿ ಎಲ್ಲರಿಗೂ ವಾಸಿಯಾಗಿದೆ’ ಅನ್ನೋ ಮಾತಿಗೆ ಬೆಲೆ ಇಲ್ಲ. ಆದರೆ 2020ರ ಕಾಕ್ರೇನ್ ಸಮೀಕ್ಷೆ 27 ಅಧ್ಯಯನ, 10,565 ಜನರನ್ನ ಒಟ್ಟು ಮಾಡಿ ನೋಡಿತು. ಜನರನ್ನ ಎಎಗೆ ಜೋಡಿಸುವ ಚಿಕಿತ್ಸೆಯಲ್ಲಿ ವರ್ಷದ ಕೊನೆಗೆ ಪೂರ್ತಿ ಬಿಟ್ಟವರು ಶೇ. 42, ಸಿಬಿಟಿಯಂಥ ಬೇರೆ ಚಿಕಿತ್ಸೆಗಳಲ್ಲಿ ಶೇ. 35. ಪವಾಡ ಅಲ್ಲ, ಆದರೆ ಪುಕ್ಕಟೆ ಸಿಗುವ ಯಾವುದಕ್ಕೂ ಇದು ಒಳ್ಳೆಯ ಅಂಕಿ. ಪುಸ್ತಕದ ಆಶ್ವಾಸನೆಯ ಧಾಟಿಗೆ ಹೋಲಿಸಿದರೆ ಕಡಿಮೆ. ಎಎ ಮಾಡದ ಕೆಲಸವೂ ಇದೆ: ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರು. ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗೆ ಇಲ್ಲಿ 1994ರಿಂದ ಒಪ್ಪಿಗೆ ಇದೆ. ಮೀಟಿಂಗ್‌ನಲ್ಲಿ ಯಾರಾದರೂ ‘ಮಾತ್ರೆ ತಗೊಂಡರೆ ಅದು ಬಿಟ್ಟ ಹಾಗಲ್ಲ’ ಅಂದರೆ ಅದು ಅವರ ಸ್ವಂತ ಅಭಿಪ್ರಾಯ. ಎಲ್ಲಿಂದ ಶುರು ಮಾಡೋದು ಗೊತ್ತಿಲ್ಲದಿದ್ದರೆ 1-800-662-4357, ಸರ್ಕಾರದ ಸಹಾಯವಾಣಿ, ದಿನವಿಡೀ ಇರುತ್ತೆ, ಹೆಸರು ಹೇಳಬೇಕಾಗಿಲ್ಲ.

ಮತ್ತೆ ಆ ವಾಕ್ಯಕ್ಕೆ ಬರೋಣ. ನನ್ನ ವಾದ ಹೀಗಿತ್ತು: ಕನ್ನಡಕ್ಕೆ ಆ ನಾಮಪದವೇ ಬೇಡ. ಹನ್ನೆರಡರಲ್ಲಿ ಮೊದಲನೆಯ ಹೆಜ್ಜೆ ಹೇಳೋದು ಇಷ್ಟೇ, ಮದ್ಯದ ಎದುರು ನಮ್ಮ ಶಕ್ತಿ ನಡೆಯಲಿಲ್ಲ, ಬದುಕು ಕೈಮೀರಿತು ಅಂತ. ಇದಕ್ಕೆ ಕನ್ನಡದಲ್ಲಿ ದಿನಾ ಬಳಸುವ ಮಾತೇ ಇದೆ: "ನನ್ನ ಕೈಲಿ ಆಗ್ತಿಲ್ಲ." ಮಗು ಲೆಕ್ಕ ಬಿಡಿಸುವಾಗ ಹೇಳುತ್ತೆ, ಅಜ್ಜಿ ಮೆಟ್ಟಿಲು ಹತ್ತುವಾಗ ಹೇಳ್ತಾರೆ. ಇದರಲ್ಲಿ ಬೈಗುಳ ಇಲ್ಲ, ಕರಪತ್ರ ಇಲ್ಲ, ನಾಚಿಕೆಯೂ ಅಷ್ಟಾಗಿ ಇಲ್ಲ. ‘ನಾನು ಇಂಥವನು’ ಅನ್ನುವ ಕಡೆ ಕನ್ನಡ ‘ನನಗೆ ಹೀಗಾಗಿದೆ’ ಅನ್ನುತ್ತೆ: ನನಗೆ ಹಸಿವು, ನನಗೆ ಭಯ, ನನಗೆ ಜ್ವರ. 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿಯಂಥ ಗುಂಪುಗಳೂ ಹಣೆಪಟ್ಟಿ ಬೇಡ ಅಂತಲೇ ಹೇಳೋದು. ನಮ್ಮ ವ್ಯಾಕರಣ ಅವರಿಗಿಂತ ಮುಂದಿದೆ ಅಂತ ಅಣ್ಣನಿಗೆ ಹೇಳಿದೆ, ಸ್ವಲ್ಪ ಜಂಭದಿಂದಲೇ.

ಅಣ್ಣ ಒಪ್ಪಲಿಲ್ಲ. "ಕೈಲಿ ಆಗ್ತಿಲ್ಲ ಅಂತ ನಾನು ಹತ್ತು ವರ್ಷ ಹೇಳಿದೀನಿ ಕಣೋ, ಎಲ್ಲ ಸೋಮವಾರ. ಶುಕ್ರವಾರ ಬಂದರೆ ಆಗುತ್ತಿತ್ತು." ಆಗ್ತಿಲ್ಲ ಅನ್ನೋದು ಇವತ್ತಿನ ಮಾತು, ಮೂರು ತಿಂಗಳು ಬಿಟ್ಟ ಮೇಲೆ, ಈಗ ಆಗುತ್ತೆ, ಒಂದು ಪೆಗ್ ಪರವಾಗಿಲ್ಲ ಅಂತ ಅದೇ ವಾಕ್ಯ ಬಾಗಿಲು ತೆಗೆದುಕೊಡುತ್ತೆ. ಜ್ವರ ಬಂದು ಹೋಗುತ್ತೆ. ನಾಮಪದ ಹೋಗಲ್ಲ. ಅದಕ್ಕೇ ಅದು ಬೇಕು ಅಂತ ಅವನ ಹಟ. ಹಣೆಪಟ್ಟಿ ಎಲ್ಲರಿಗೂ ಒಗ್ಗುತ್ತೆ ಅಂತ ನಾನು ಇನ್ನೂ ನಂಬಿಲ್ಲ. ಅದನ್ನ ಹೇಳಲಾಗದೆ ಬಾಗಿಲಿಂದಲೇ ವಾಪಸ್ ಹೋಗುವವರು ಇರ್ತಾರೆ, ಅವರು ನನ್ನ ಲೆಕ್ಕದಲ್ಲಿ ಮುಖ್ಯ. ಆದರೆ ವ್ಯಾಕರಣದ ಈ ತೂತು ನನಗೆ ಕಂಡಿರಲಿಲ್ಲ, ಅವನಿಗೆ ಕಂಡಿತ್ತು.

ಅವನು ಈಗ ಷಾರ್ಲಟ್‌ನಲ್ಲಿ ವಾರಕ್ಕೆ ಮೂರು ಮೀಟಿಂಗ್‌ಗೆ ಹೋಗ್ತಾನೆ, ಇಂಗ್ಲಿಷಿನವು. ಶನಿವಾರ ಮಾತ್ರ ಝೂಮ್‌ನಲ್ಲಿ ಬೆಂಗಳೂರಿನ ಕನ್ನಡದ್ದು, ಅಲ್ಲಿ ಸಂಜೆ ಏಳಕ್ಕೆ. ಅಲ್ಲಿ ಕ್ಯಾಮೆರಾ ಆಫ್ ಇಟ್ಟು ಎರಡು ತಿಂಗಳು ಬರೀ ಕೇಳಿದನಂತೆ. ಬೇರೆಯವರು ಏನಂದರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ಮೊದಲ ಸಲ ಮಾತಾಡಿದಾಗ ಏನಂದೆ ಅಂತ ಮಾತ್ರ ಕೇಳಿದೆ. "ನಾನೊಬ್ಬ ಆಲ್ಕೊಹಾಲಿಕ್" ಅಂದನಂತೆ. ಪದ ಇಂಗ್ಲಿಷಿನದೇ, ಬಸ್ಸು, ಕಾಫಿ, ಆಪರೇಷನ್ ಥರ ಒಳಗೆ ಬಂದು ಕೂತಿದೆ. ನನ್ನ ಕಿವಿ ನಿಂತಿದ್ದು ಆ ‘ಒಬ್ಬ’ದ ಮೇಲೆ. ಇಂಗ್ಲಿಷಿನ ‘ಆನ್’ ಅನ್ನೋದಕ್ಕೆ ಬಂದಿರಬಹುದು, ಆದರೆ ಕನ್ನಡದಲ್ಲಿ ಅದಕ್ಕೆ ತೂಕ ಜಾಸ್ತಿ: ಇಂಥವರು ತುಂಬ ಜನ ಇದ್ದಾರೆ, ಅವರಲ್ಲಿ ನಾನೊಬ್ಬ.

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಅವನಿಗೆ ಫೋನ್ ಮಾಡಬಾರದು ಅಂತ ಈಗ ಮನೆಯಲ್ಲೆಲ್ಲ ಗೊತ್ತು. ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಎಂಟೂವರೆಗೆ.